ತಂಗಿಯ ಮನೆಯ ಕಿಟಕಿಗಳು

ಶಿಗ್ಗಾಂವದಲ್ಲಿ ನನ್ನ ತಂಗಿ ಹೊಸ ಮನೆ ಕಟ್ಟಿಸಿದಾಗ ನಾವು ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಊರ ಹೊರಗೆ, ಪೂನಾ-ಬೆಂಗಳೂರು ರಸ್ತೆಯ ಮಗ್ಗುಲಲ್ಲಿ, ಅಲ್ಲಿಯವರೆಗೆ ಜೋಳ ಬಿತ್ತುತ್ತಿದ್ದ ಹೊಲದಲ್ಲಿ ಕಲ್ಲು ನೆಟ್ಟು ಪ್ಲಾಟು ಮಾಡಿದ್ದರು. ಅಲ್ಲಿ ಕಟ್ಟುವವರಿಗೆ ಮುನ್ಸಿಪಾಲಿಟಿಯ ಕಾಯಿದೆ ಬಿಗಿ. ಮನೆಯ ನಾಲ್ಕೂ ಕಡೆ ಜಾಗ ಬಿಡಬೇಕು. ನೆಲಗಟ್ಟು ರಸ್ತೆಗಿಂತ ಎತ್ತರವಿರಬೇಕು. ಅಡಿಗೆಮನೆ ಸೇರಿ ಪ್ರತಿ ಕೋಣೆಗೂ ಬಯಲಿಗೆ ತೆರೆಯುವ ಕಿಟಕಿ ಬೇಕು. ತಂಗಿಯ ಗಂಡ ಕಾಳಿನ ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ಅಚ್ಚುಕಟ್ಟಿನ ಮನುಷ್ಯ. ಕಾಯಿದೆ ಹೇಳಿದ್ದಕ್ಕಿಂತ ಒಂದು ಕಿಟಕಿ ಹೆಚ್ಚೇ ಇಡಿಸಿದ. ಮಂಜೂರಾಗಿ ಬಂದ ನೀಲಿ ನಕಾಶೆಗೆ ಗಾಜು ಹಾಕಿಸಿ ಪಡಸಾಲೆಯಲ್ಲಿ ದೇವರ ಫೋಟೋಗಳ ಸಾಲಿನಲ್ಲಿ ತೂಗುಹಾಕಿದ.

ವಾಸ್ತುಶಾಂತಿಯ ದಿನ ನಾನು ಸವಣೂರಿನಿಂದ ಹೋಗಿದ್ದೆ. ತಂಗಿ ಬಂದವರನ್ನೆಲ್ಲ ಆ ನಕಾಶೆಯ ಮುಂದೆ ನಿಲ್ಲಿಸಿ, ಬೆರಳಿಟ್ಟು ತೋರಿಸುತ್ತಿದ್ದಳು. "ಇದು ಅಡಿಗಿಮನಿ ನೋಡಕ್ಕಾ, ಇದು ಬಚ್ಚಲ. ಈ ಗೀಟು ಅದಾವಲ್ಲ, ಎಲ್ಲಾ ಕಿಡಕಿ." ನಾನು ಹ್ಞೂಂ ಅಂದೆ. ನನಗಿಂತ ನಾಲ್ಕು ವರ್ಷ ಚಿಕ್ಕವಳು. ನನ್ನ ಹಳೆಯ ಲಂಗ ಉಟ್ಟು ಬೆಳೆದವಳು. ಆ ಗೀಟುಗಳನ್ನು ಒಂದೊಂದಾಗಿ ಎಣಿಸಿ, ನಮ್ಮ ಮನೆಯ ಕಿಟಕಿಗಳನ್ನೂ ಮನಸ್ಸಿನಲ್ಲೇ ಎಣಿಸಿದೆ.

ಆದರೂ ಬರೀ ಮನೆಯ ಮಾತಾಗಿದ್ದರೆ ಎಂಟು ದಿನಕ್ಕೆ ಮರೆಯುತ್ತಿದ್ದೆನೋ ಏನೋ. ನಮ್ಮ ಅವ್ವ ತಿಳವಳ್ಳಿಯಲ್ಲಿ ಅಣ್ಣನ ಹತ್ತಿರ ಇದ್ದಳು. ಅವಳಿಗೆ ದಮ್ಮು. ಆ ಕಡೆಯ ಮಳೆಗಾಲದ ತಂಪಿಗೆ ಅದು ಹೆಚ್ಚಾಗಿ, ಶಿಗ್ಗಾಂವದ ಡಾಕ್ಟರರಿಗೆ ತೋರಿಸಲೆಂದು ಆಗಲೇ ಬಂದಿದ್ದಳು. ಹೊಗೆಯಿಂದ ದೂರ ಇರಬೇಕೆಂದು ಅವರು ಹೇಳಿದ್ದರು. ಒಲೆಯ ಮೇಲೆ ಹಾಲು ಉಕ್ಕಿಸುವಾಗ ಅವ್ವ ಅಡಿಗೆಮನೆಯಲ್ಲೇ ನಿಂತಿದ್ದಳು. ಒಮ್ಮೆಯೂ ಕೆಮ್ಮಲಿಲ್ಲ. ಕಿಟಕಿಯ ಸರಳು ಹಿಡಿದು ದೊಡ್ಡದಾಗಿ ಉಸಿರೆಳೆದು, "ಇಲ್ಲೆ ಜೀವಕ್ಕ ಹಗೂರ ಅನಸ್ತೈತಿ ನೋಡವಾ" ಅಂದಳು. ಅಷ್ಟು ಹೇಳಿ ಅಲ್ಲೇ ಉಳಿದಳು.

ಸವಣೂರಿನ ನಮ್ಮ ಮನೆ ಹಳೇ ಓಣಿಯದು. ಮಣ್ಣಿನ ಮಾಳಿಗೆ, ತೋಳಗಲದ ಗೋಡೆ, ಎರಡೂ ಕಡೆ ಬೇರೆಯವರ ಮನೆಗಳು. ನನ್ನ ಗಂಡ ಎಲೆಬಳ್ಳಿ ತೋಟಗಳಿಂದ ವೀಳ್ಯದೆಲೆ ಕೊಂಡು ಪೆಂಡಿ ಕಟ್ಟಿ ಪೇಟೆಗಳಿಗೆ ಕಳಿಸುವ ವ್ಯಾಪಾರದವರು. ಪಡಸಾಲೆ ಯಾವಾಗಲೂ ಹಸಿ ಎಲೆಯ ವಾಸನೆಯಿಂದ ತುಂಬಿರುತ್ತಿತ್ತು. ಅಡಿಗೆಮನೆ ಎಲ್ಲಕ್ಕಿಂತ ಒಳಗೆ. ಅದಕ್ಕೆ ಮಾಳಿಗೆಯಲ್ಲಿ ಅಂಗೈಯಷ್ಟು ಒಂದು ಬೆಳಕಿಂಡಿ, ಅಷ್ಟೇ. ಅವ್ವ ಎರಡು ದಿನಕ್ಕೆಂದು ಬಂದರೆ ಮೊದಲ ಸಂಜೆಯೇ ಕೆಮ್ಮು ಹತ್ತುತ್ತಿತ್ತು. ಮರುದಿನ ಗಂಟು ಕಟ್ಟಿ, "ಬರ್ತೇನವಾ, ಮುಂದ ಯಾವಾಗರ ಬಂದು ನಾಕ ದಿನ ಇರ್ತೇನಿ" ಅನ್ನುತ್ತಿದ್ದಳು. ನಾನು ಅವಳನ್ನು ಬಸ್ಸಿಗೆ ಹತ್ತಿಸಿ ಬಂದು ಒಲೆಯ ಮುಂದೆ ಕೂತು ಊದುಗೊಳವೆಯನ್ನು ನೆಲಕ್ಕೆ ಕುಕ್ಕುತ್ತಿದ್ದೆ. ತಂಗಿಯ ತಲೆಗೆ ಅವ್ವ ಎಣ್ಣೆ ಹಚ್ಚುತ್ತಿರುವುದು, ತಂಗಿಯ ಮಗುವಿಗೆ ಅವ್ವ ಹಾಡುತ್ತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಕಣ್ಣೀರು ಬಂದರೆ ಹೊಗೆಯ ನೆಪವಿತ್ತು.

"ಹಿಂದಿನ ಗ್ವಾಡಿಗೆ ಒಂದು ಕಿಡಕಿ ಬಿಡಸ್ರಿ" ಎಂದು ಗಂಡನ ಬೆನ್ನು ಹತ್ತಿದೆ. ಇವತ್ತು, ನಾಳೆ ಎಂದು ಅವರು ದಿನ ದೂಡಿದರು. ಅಷ್ಟರಲ್ಲಿ ಓಣಿಯಲ್ಲಿ ಡಂಗುರ ಬಂತು. ಇನ್ನು ಮೇಲೆ ಹಳೇ ಊರಿನಲ್ಲೂ ಪರವಾನಗಿ ಇಲ್ಲದೆ ಯಾರೂ ಗೋಡೆ ಒಡೆಯಬಾರದು, ಕಿಟಕಿ ಬಾಗಿಲು ಹೊಸದಾಗಿ ತೆರೆಯಬಾರದು, ಮಾಳಿಗೆ ಎತ್ತರಿಸಬಾರದು. ಅಲ್ಲಿಯವರೆಗೆ ನಮ್ಮ ಕಡೆ ಬೇಕಾದವರು ಬೇಕಾದಾಗ ಗೌಂಡಿಯನ್ನು ಕರೆದು ಗೋಡೆಗೆ ತೂತು ಹಾಕಿಸುತ್ತಿದ್ದರು. ನನ್ನ ಗಂಡನಿಗೆ ಹೋದ ಜೀವ ಬಂದಂತಾಯಿತು.

"ಕೇಳಿದ್ಯಲ್ಲ? ಇನ್ನ ಸರಕಾರನ ಬ್ಯಾಡ ಅಂದಮ್ಯಾಲ ನಾ ಏನ ಮಾಡ್ಲಿ?"

"ಬ್ಯಾಡ ಅಂದಿಲ್ರಿ, ಕೇಳಿ ಮಾಡ್ರಿ ಅಂದಾರ" ಅಂದೆ. "ನೀವು ಕೇಳಾಕ ಹೋಗ್ತೀರೋ, ನಾ ಹೋಗ್ಲೋ?"

ಒಳಗಿನಿಂದ ನನ್ನ ಅತ್ತೆ ಇದನ್ನು ಕೇಳಿಸಿಕೊಂಡಳು. ಅವಳ ಬಾಯಿ ಓಣಿಗೆಲ್ಲ ಗೊತ್ತಿದ್ದ ಬಾಯಿ. "ಹೋಗೋ, ಅರ್ಜಿ ಕೊಟ್ಟು ಬಾ. ಇಲ್ಲಂದ್ರ ನಿನ್ನ ಹೇಣ್ತಿ ಕಚೇರ್ಯಾಗ ಹೋಗಿ ಕುಂದ್ರತಾಳ, ಊರು ನೋಡ್ತೈತಿ" ಎಂದು ಮಗನನ್ನು ಅಟ್ಟಿದಳು. ನನ್ನ ಮೇಲಿನ ಪ್ರೀತಿಗೋ ಊರಿನ ಹೆದರಿಕೆಗೋ ತಿಳಿಯದು, ಅಂತೂ ಅರ್ಜಿ ಹೋಯಿತು.

ದೀಪಾವಳಿ ಕಳೆದ ಮೇಲೆ ಮುನ್ಸಿಪಾಲಿಟಿಯ ಓವರಸೀಯರರು ಜಾಗ ನೋಡಲು ಬಂದರು. ಸಣ್ಣ ಮೈಯ, ದೊಡ್ಡ ಟೊಪ್ಪಿಗೆಯ ಮನುಷ್ಯ. ನಾನು ಒಲೆ ಆರಿಸಿರಲಿಲ್ಲ. ಬೇಕೆಂದೇ ಎರಡು ಹಸಿ ಕಟ್ಟಿಗೆ ತುರುಕಿದ್ದೆ. ಅವರು ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಬಂದು, ಹಿಂದಿನ ಗೋಡೆಯನ್ನು ಟೇಪು ಹಿಡಿದು ಅಳೆದು, ಬೇಗ ಹೊರಗೆ ಬಂದರು.

"ಗ್ವಾಡಿ ನಿಮ್ಮದ ಐತ್ರಿ. ಆದ್ರ ಕಿಡಕಿ ತೆರೆಯೂದು ಹಿಂದಿನವರ ಅಂಗಳಕ್ಕ. ಅವರ ಒಪ್ಪಿಗಿ ಬೇಕು. ಅವರು ತಕರಾರು ಕೊಟ್ರ ನಾ ಪರವಾನಗಿ ಕೊಡಾಕ ಬರೂದಿಲ್ಲ."

ಹಿಂದಿನ ಅಂಗಳ ಖಾಲಾನದು. ಓಣಿಯವರೆಲ್ಲ ಅವಳನ್ನು ಖಾಲಾ ಎಂದೇ ಕರೆಯುತ್ತಿದ್ದೆವು. ವಯಸ್ಸಾದ ಮುಸಲ್ಮಾನ ವಿಧವೆ, ಇಬ್ಬರು ಸೊಸೆಯರೊಂದಿಗೆ ಇದ್ದಳು. ಹಬ್ಬಕ್ಕೆ ನಮಗೆ ಶಾವಿಗೆ, ಸಕ್ಕರೆ ಕೊಡುತ್ತಿದ್ದಳು. ನಾವು ಅವಳಿಗೆ ಒಳ್ಳೆಯ ಎಲೆ ಆರಿಸಿ ಕೊಡುತ್ತಿದ್ದೆವು. ಇಷ್ಟು ಬಳಕೆ ಇದ್ದ ಮೇಲೆ ಒಲ್ಲೆ ಅನ್ನಲಾರಳು ಎಂದು ಧೈರ್ಯದಿಂದ ಹೋದೆ. ನನ್ನ ಮಾತು ಮುಗಿಯುವ ಮೊದಲೇ ಅವಳು ಕೈ ಅಡ್ಡ ಹಿಡಿದಳು.

"ನಹೀ ಬೇಟಿ. ಬ್ಯಾರೆ ಏನರ ಕೇಳು. ನನ್ನ ಸೊಸ್ತ್ಯಾರು ಇದ ಅಂಗಳದಾಗ ಕುಂದ್ರತಾರ, ತಲಿ ಆರಸ್ಕೋತಾರ. ನಿನ್ನ ಮನಿಗೆ ಎಲಿ ವ್ಯಾಪಾರದ ಗಂಡಸ್ರು ಬರ್ತಾರ ಹೋಗ್ತಾರ. ಅಲ್ಲೆ ಕಿಡಕಿ ಬಿಟ್ರ ನಮ್ಮ ಪರದೆ ಏನಾತು?"

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆ ಹೊತ್ತಿಗೆ ನನಗೆ ಶಿಗ್ಗಾಂವದ ಮನೆಯ ನಾಲ್ಕೂ ಕಡೆಯ ಖಾಲಿ ಜಾಗ ನೆನಪಾಯಿತು. ಅಲ್ಲಿ ತಂಗಿ ಯಾರನ್ನೂ ಕೇಳಬೇಕಾಗಿರಲಿಲ್ಲ. ನಿಂತಲ್ಲೇ ಅತ್ತುಬಿಟ್ಟೆ. ಖಾಲಾ ಗಾಬರಿಯಾದಳು. ಕಿಟಕಿಗಾಗಿ ಅಳುವ ಹೆಂಗಸನ್ನು ಅವಳು ಕಂಡಿರಲಿಲ್ಲ. ಕೂಡಿಸಿ ಕೇಳಿದಳು. ಅವ್ವನ ದಮ್ಮು, ತಂಗಿಯ ಮನೆ, ಎಲ್ಲ ಹೇಳಿದೆ.

ಮರುದಿನ ಹೊತ್ತೇರುವ ಮೊದಲು ಖಾಲಾ ಬುರಖಾ ಹಾಕಿಕೊಂಡು ನಮ್ಮ ಮನೆಗೆ ಬಂದಳು. ಸೀದಾ ಅಡಿಗೆಮನೆಗೆ ಹೋಗಿ ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಕಣ್ಣಲ್ಲಿ ನೀರು ಸುರಿಯತೊಡಗಿದ ಮೇಲೆ ಎದ್ದು, ಗೋಡೆಯನ್ನು ಮೇಲಿನವರೆಗೆ ನೋಡಿದಳು.

"ನಿನ್ನ ಗಂಡನ್ನ ಕರಿ" ಅಂದಳು.

ಅವರು ಬಂದರು. ಓಣಿಯಲ್ಲೇ ಎತ್ತರದವರು. ಖಾಲಾ ಬಾಗಿಲಾಚೆ ಸರಿದು ನಿಂತು, ನನ್ನ ಕೈಲಿ ಹೇಳಿಸಿದಳು. ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಕೈ ಮೇಲೆತ್ತಬೇಕು. ಇನ್ನೂ ಮೇಲೆ. ಅವರು ಎಲೆ ಪೆಂಡಿ ಎತ್ತುವವರ ಹಾಗೆ ಎರಡೂ ಕೈ ಎತ್ತಿ ನಿಂತರು.

"ಆ ಕೈಬಟ್ಟಿನ ತುದಿಗಿಂತ ಮ್ಯಾಲ ಕಿಂಡಿ ಬಿಡಸ್ರಿ. ಹೊಗಿ ಬರ್ಲಿ, ಕಣ್ಣ ಬರಬಾರದು" ಅಂದಳು ಖಾಲಾ.

ಓವರಸೀಯರರು ಅದನ್ನೇ ನಕಾಶೆಯಲ್ಲಿ ಬರೆಸಿಕೊಂಡು ಒಪ್ಪಿದರು. ಗೌಂಡಿ ಬಂದ. ಎರಡು ದಿನ ಮನೆಯೆಲ್ಲ ಮಣ್ಣಿನ ಧೂಳು. ಮೂರನೆಯ ದಿನ ಒಲೆ ಹಚ್ಚಿದರೆ ಹೊಗೆ ಒಂದು ಗಳಿಗೆ ಯೋಚನೆ ಮಾಡಿದಂತೆ ತಿರುಗಾಡಿ, ದಾರಿ ಕಂಡುಕೊಂಡು ಹೊರಗೆ ಹೋಯಿತು. ನಾನು ಅಂದೇ ಶಿಗ್ಗಾಂವಕ್ಕೆ ಹೇಳಿ ಕಳಿಸಿದೆ.

ಅವ್ವ ಬರಲಿಲ್ಲ. ಹೇಳಿಕಳಿಸಿದ್ದು ಮುಟ್ಟಿಲ್ಲವೇನೋ ಎಂದು ಮತ್ತೆ ಹೇಳಿ ಕಳಿಸಿದೆ. ಆಗಲೂ ಬರಲಿಲ್ಲ. ಸಂಕ್ರಾಂತಿಯ ಎಳ್ಳು ಹಿಡಿದುಕೊಂಡು ನಾನೇ ಹೋದೆ. ಅವ್ವ ರಸ್ತೆ ಕಡೆಯ ಕಿಟಕಿಯಲ್ಲಿ ಕೂತು ಲಾರಿ ನೋಡುತ್ತಿದ್ದಳು.

"ತಂಗಿ ಮ್ಯಾಲ ಅಷ್ಟ ಜೀವ ಏನವಾ ನಿನಗ?" ಎಂದು ಬಾಗಿಲಲ್ಲೇ ಶುರು ಮಾಡಿದೆ. "ಹೊಗಿ ಹೊಗಿ ಅಂತಿದ್ದಿ. ಊರ ಮಂದೀನೆಲ್ಲ ಕಾಡಿ ಬೇಡಿ ಕಿಂಡಿ ಬಿಡಿಸಿದ್ನಿ. ಇನ್ನೇನು ಬೇಕು ನಿನಗ?"

ಅವ್ವ ತಂಗಿ ಒಳಗಿದ್ದಾಳೋ ಎಂದು ನೋಡಿ, ದನಿ ತಗ್ಗಿಸಿದಳು. "ಹುಚ್ಚಿ, ಹೊಗಿ ನನಗ ಹೊಸಾದೇನು? ಇಲ್ಲೆ ಇಕಿಗೆ ಅತ್ತಿ ಇಲ್ಲ. ಯಾವಾಗ ಬೇಕಾದಾಗ ಮಲಗ್ತೇನಿ, ಯಾವಾಗ ಬೇಕಾದಾಗ ಏಳ್ತೇನಿ. ಅಲ್ಲೆ ನಿನ್ನ ಅತ್ತಿ ಅದಾಳ. ಬೀಗರ ಮನ್ಯಾಗ ದಿನಾ ಕುಂತು ಉಂಡ್ರ ನಿನಗ ಮಾತು ಬರ್ತಾವ. ನಿನ್ನ ಸಂಬಂಧ ನಾ ಹಿಂದ ಸರದೇನಿ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಏನೂ ಕಾಣಿಸಲಿಲ್ಲ. ಅವ್ವ ನನ್ನನ್ನು ನೆನೆಸಿಯೇ ದೂರ ಉಳಿದಿದ್ದಳು. ಅದರಿಂದ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ತಂಗಿಗೆ ಅತ್ತೆ ಇಲ್ಲದ್ದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಇಂಥದ್ದಕ್ಕೆ ಯಾವ ಕಚೇರಿಯಲ್ಲಿ ಪರವಾನಗಿ ಕೇಳುವುದು?

ಮನೆಗೆ ಬಂದಾಗ ಅತ್ತೆ ಅಡಕೆ ಕತ್ತರಿಸುತ್ತಿದ್ದಳು. "ಎಲ್ಲಿ ನಿಮ್ಮವ್ವ?" ಅಂದಳು. "ಬರೂದಿಲ್ಲಂತರಿ" ಅಂದೆ. "ಯಾಕಂತ?" ಸಿಟ್ಟಿನಲ್ಲಿದ್ದೆ, ಬಾಯಿಗೆ ಹಿಡಿತ ಇರಲಿಲ್ಲ. "ನೀವು ಅದೀರಿ ಅಂತ ಬರೂದಿಲ್ಲಂತ."

ಅತ್ತೆಯ ಕೈಯ ಅಡಕೊತ್ತು ನಿಂತಿತು. ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವಳು ಅಡಕೆಯ ತಟ್ಟೆ ಸರಿಸಿ ಎದ್ದು ಒಳಗೆ ಹೋದಳು. ಬೈಗಳಿಗಿಂತ ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮರುದಿನ ಬೆಳಗ್ಗೆ ಅವಳು ಇಳಕಲ್ ಸೀರೆ ಉಟ್ಟು, ಎಲೆಯ ಒಂದು ಪೆಂಡಿ ಸೆರಗಿನಲ್ಲಿ ಕಟ್ಟಿಕೊಂಡು, ಮಗನನ್ನೂ ಕೇಳದೆ ಶಿಗ್ಗಾಂವದ ಬಸ್ಸು ಹತ್ತಿದಳು. ಅಲ್ಲಿ ನಡೆದದ್ದನ್ನು ತಂಗಿ ಆಮೇಲೆ ಹೇಳಿದಳು. ಅತ್ತೆ ಪಡಸಾಲೆಯಲ್ಲಿ ಕೂತು, ಕೊಟ್ಟ ನೀರೂ ಮುಟ್ಟದೆ, "ಅಕ್ಕಾರ, ನಾ ಏನು ಹುಲಿ ಅದೇನೇನ್ರಿ? ನನ್ನ ಮನಿಗೆ ಬರೂದಿಲ್ಲ ಅಂದ್ರಂತ. ನಡೀರಿ, ಗಂಟು ಕಟ್ರಿ. ನಿಮ್ಮನ್ನ ಕರಕೊಂಡ ಬಸ್ಸು ಹತ್ತಾಕಿ ನಾ" ಅಂದಳಂತೆ. ಅವ್ವ ಏನೇನೋ ನೆಪ ಹೇಳಿದಳು. "ಹಂಗಾರ ನಾನೂ ಇಲ್ಲೆ ಇರ್ತೇನಿ. ಈ ಮನ್ಯಾಗ ಕಿಡಕಿ ಭಾಳ ಅದಾವ, ಒಂದ್ರಾಗ ನಾನೂ ಕುಂದ್ರತೇನಿ" ಎಂದಳಂತೆ ಅತ್ತೆ. ಅವ್ವನಿಗೆ ನಗು ತಡೆಯಲಾಗಲಿಲ್ಲ.

ಸಂಜೆಯ ಬಸ್ಸಿನಿಂದ ಇಬ್ಬರೂ ಸವಣೂರಿನಲ್ಲಿ ಇಳಿದರು. ಅವ್ವನ ಗಂಟು ಅತ್ತೆಯ ತಲೆಯ ಮೇಲಿತ್ತು.

ಅವ್ವ ಆ ಸಲ ಮಳೆಗಾಲ ಹತ್ತುವವರೆಗೆ ನಮ್ಮಲ್ಲಿದ್ದಳು. ಮೊದಲ ಕೆಲವು ದಿನ ನಾನು ಹಬ್ಬ ಮಾಡಿದಂತೆ ಓಡಾಡಿದೆ. ಆಮೇಲೆ ನೋಡಿದರೆ ಅವ್ವ ನನಗೆ ಸಿಗುತ್ತಲೇ ಇರಲಿಲ್ಲ. ಇಬ್ಬರು ಮುದುಕಿಯರು ಕೂಡಿ ಶಾವಿಗೆ ಹೊಸೆಯುವುದು, ಕೂಡಿ ಎಲೆ ಹಾಕಿಕೊಳ್ಳುವುದು, ಖಾಲಾನ ಅಂಗಳಕ್ಕೆ ಕೂಡಿ ಹೋಗುವುದು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. "ಏನು ಮಾತಾಡಾಕತ್ತಿದ್ರಿ?" ಅಂದರೆ, "ನಿನಗ್ಯಾಕವಾ, ಒಲಿ ನೋಡು ಹೋಗು" ಅನ್ನುತ್ತಿದ್ದಳು ಅವ್ವ. ನನ್ನ ಅವ್ವ!

ಯುಗಾದಿಗೆ ತಂಗಿ ಮಗುವನ್ನೆತ್ತಿಕೊಂಡು ಬಂದಳು. ಪಡಸಾಲೆಯಲ್ಲಿ ಅವ್ವ ಮತ್ತು ಅತ್ತೆ ಎಲೆ ಎಣಿಸಿ ಪೆಂಡಿ ಕಟ್ಟುತ್ತ, ಯಾವುದಕ್ಕೋ ಬಿದ್ದು ಬಿದ್ದು ನಗುತ್ತಿದ್ದರು. ತಂಗಿ ಅದನ್ನು ನೋಡಿ ಅಡಿಗೆಮನೆಗೆ ಬಂದು ನನ್ನ ಪಕ್ಕ ಕೂತಳು. ಮುಖ ಕಪ್ಪಿಟ್ಟಿತ್ತು.

"ನನ್ನ ಮನ್ಯಾಗ ಅವ್ವ ಒಂದ ದಿನಾನೂ ಹಿಂಗ ನಕ್ಕಿಲ್ಲಕ್ಕಾ. ಗಾಳಿ ಬೆಳಕು ಎಲ್ಲಾ ಐತಿ ಅಂತ ಮಾಡಿದ್ನಿ. ಮುಂಜಾನಿಯಿಂದ ಸಂಜಿತನ ಆ ರಸ್ತೆ ನೋಡ್ಕೋತ ಕುಂದ್ರತಿದ್ಲು. ನಿಮ್ಮಲ್ಲೆ ಅಂಥಾದ್ದೇನ ಐತಿ?"

ಎಷ್ಟೋ ತಿಂಗಳಿನಿಂದ ನಾನು ಇಂಥದೊಂದು ಮಾತಿಗೆ ಕಾದಿದ್ದೆ. ಬಂದಾಗ ಬಾಯಿ ತುಂಬ ಸಿಹಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವಳ ಕಣ್ಣು ತುಂಬಿತ್ತು. ಮಗುವನ್ನು ಅವಳ ತೊಡೆಯಿಂದ ಎತ್ತಿಕೊಂಡು, "ನನಗರ ಎಲ್ಲಿ ಸಿಗತಾಳ ಅವ್ವ? ನನ್ನ ಅತ್ತಿ ಕಸಗೊಂಡ ಬಿಟ್ಟಾಳ" ಅಂದೆ. ಇಬ್ಬರೂ ಒಟ್ಟಿಗೆ ಪಡಸಾಲೆಯ ಕಡೆ ನೋಡಿದೆವು. ಅಷ್ಟರಲ್ಲಿ ಇಬ್ಬರಿಗೂ ನಗು ಬಂತು.

ಮಳೆ ಹಿಡಿಯುವ ಹೊತ್ತಿಗೆ, ಮಣ್ಣಿನ ಮಾಳಿಗೆಯ ತಂಪು ಅವ್ವನ ದಮ್ಮಿಗೆ ಆಗದೆಂದು, ತಂಗಿಯ ಗಂಡ ಅವ್ವನನ್ನು ಕರೆದುಕೊಂಡು ಹೋಗಲು ಬಂದ. ನಾನು ಬುತ್ತಿ ಕಟ್ಟಿಕೊಟ್ಟೆ. ಅತ್ತೆ ಮಾತ್ರ ಒಳಗಿನ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಬಸ್ಸು ಹೋದ ಮೇಲೆ ಬಂದು ನೋಡಿದರೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಶಿಗ್ಗಾಂವದಾಗ ಏನ ಐತಿ ಅಂತ ಹೋಗ್ಯಾಳ ಆಕಿ? ಬರೇ ಲಾರಿ ಧೂಳು" ಅಂದಳು. ನಾನು ಅವಳ ಪಕ್ಕ ಕೂತು ಕಾಲು ಒತ್ತತೊಡಗಿದೆ.