ಮೇಲೆ ಬಾರದ ಮೊಳಕೆಗಳು

ಗಣಿಯವರು ಏರ್‌ಬ್ಲಾಸ್ಟ್ ಎನ್ನುತ್ತಿದ್ದ ಬಂಡೆಯ ಸಿಡಿತ ಆದಿನಾರಾಯಣನನ್ನು ನುಂಗಿದಾಗ ಅವನ ಹೆಂಡತಿ ಮುತ್ಯಾಲಮ್ಮ ಇನ್ನೂ ಹರೆಯದವಳು. ಕುಸಿದ ಕಲ್ಲಿನ ಆಚೆಯಿಂದ ಯಾರೋ ತಟ್ಟುತ್ತಿದ್ದಾರೆ ಎಂದು ಅಗೆಯಲು ಇಳಿದವರು ಮೇಲೆ ಬಂದು ಹೇಳಿದ್ದರು. ಮಾರನೆಯ ದಿನ ಮೇಲ್ಬಂಡೆ ಮತ್ತೆ ಉದುರಿ ಅಗೆಯುವುದು ನಿಂತಿತು. ತಟ್ಟುವ ಸದ್ದು ನಿಂತದ್ದು ಅದಕ್ಕೆ ಮೊದಲೋ, ಆಮೇಲೋ? ಅವಳು ಎಲ್ಲರನ್ನೂ ಕೇಳಿದಳು.

ಆಮೇಲೆ ಅವಳು ಬಂಗಾರಪೇಟೆಯ ಸೋದರತ್ತೆ ಕದಿರಮ್ಮನ ಮನೆ ಸೇರಿದಳು. ಕದಿರಮ್ಮ ಊರಾಚೆಯ ಮೇವಿನ ತೋಟದಲ್ಲಿ ಕೂಲಿ ಮಾಡುತ್ತಿದ್ದಳು. ಸೊಸೆಗೂ ಅಲ್ಲೇ ಕೆಲಸ ಕೊಡಿಸಿದಳು.

ತೋಟ ನೋಡಿಕೊಳ್ಳುತ್ತಿದ್ದವರು ಜಯರಾಮಪ್ಪ. ಹುಲ್ಲಿನ ಬೀಜ ಬಿತ್ತಿದ ಮೇಲೆ ಒಂದು ಮಳೆ ಬಿದ್ದು ಬಿಸಿಲು ಕಾಯಿತೆಂದರೆ ಅಲ್ಲಿನ ಕೆಮ್ಮಣ್ಣು ಹೆಪ್ಪುಗಟ್ಟಿಬಿಡುತ್ತಿತ್ತು. ಮೊಳಕೆ ಅದರಡಿಯಲ್ಲೇ ಸಾಯುತ್ತಿತ್ತು. ಹೆಪ್ಪು ಒಡೆದುಕೊಂಡು ಬರುವ ತಳಿ ಅವರಿಗೆ ಬೇಕಿತ್ತು. ಅದಕ್ಕೆಂದೇ ಬೀಜವನ್ನು ಆಳಕ್ಕೆ ಹಾಕಿಸಿ, ಮೇಲೆ ಮಣ್ಣು ಒತ್ತಿಸಿ, ಎದ್ದು ಬಂದ ಗಿಡಗಳ ಬೀಜವನ್ನಷ್ಟೇ ಮುಂದಿನ ಮಳೆಗಾಲಕ್ಕೆ ಇಡುತ್ತಿದ್ದರು.

ಮಣ್ಣು ಒತ್ತುವ ಕೆಲಸ ಮುತ್ಯಾಲಮ್ಮನದು. ಮೊದಲ ವರ್ಷ ಅವಳಿಗೇನೂ ಅನ್ನಿಸಲಿಲ್ಲ. ಆಮೇಲೆ ಸಸಿ ಎದ್ದ ಕಡೆಗಿಂತ ಏಳದ ಕಡೆಗೇ ಕಣ್ಣು ಹೋಗತೊಡಗಿತು. ಬದುವಿನ ಮೇಲೆ ಮುದ್ದೆ ತಿನ್ನಲು ಕೂತರೆ ಕಾಲಡಿಯಲ್ಲಿ ತಟ್ಟಿದಂತಾಗುತ್ತಿತ್ತು. ಒಂದು ಮಧ್ಯಾಹ್ನ ತಡೆಯಲಾರದೆ ಹೇರ್‌ಪಿನ್ನಿನಿಂದ ಮಣ್ಣು ಎಬ್ಬಿಸಿ ನೋಡಿದಳು. ಬಿಳಿಯ ಮೊಳಕೆಯೊಂದು ದಾರಿ ಸಿಗದೆ ಸುತ್ತಿಕೊಂಡು ಮಲಗಿತ್ತು, ಇನ್ನೂ ಹಸಿಹಸಿ. ಅದನ್ನು ಬಿಡಿಸಿ ಬೆಳಕಿಗೆ ನಿಲ್ಲಿಸಿದಳು. ಆಮೇಲೆ ಪಕ್ಕದ್ದನ್ನು. ಆಮೇಲೆ ಸಾಲಿಗೆ ಸಾಲನ್ನೇ.

ಆ ಸಲ ಹುಲ್ಲು ತುಂಬಿ ನಿಂತಿತು, ಜಯರಾಮಪ್ಪ ಹಿಗ್ಗಿಹೋದರು. ಅದರ ಬೀಜವನ್ನು ಮರುವರ್ಷ ಬಿತ್ತಿದರೆ ಅರ್ಧದಷ್ಟೂ ಏಳಲಿಲ್ಲ. ಅವರು ತಲೆಯ ಮೇಲೆ ಕೈಹೊತ್ತು ಕೂತದ್ದನ್ನು ನೋಡಲಾಗದೆ ಅವಳೇ ಮುಂದೆ ಬಂದಳು.

“ನಾನೇ ಸಾರ್. ಓದ್ ವರ್ಸ ಏಳದೇ ಇದ್ದಿದ್ನೆಲ್ಲ ನಾನೇ ಎಬ್ಬಿಸ್ದೆ.”

“ಯಾಕಮ್ಮ ಹೀಗೆ ಮಾಡ್ದೆ? ಎಷ್ಟು ವರ್ಷದ ಕೆಲಸ ಇದು! ಏಳಲಾರದ್ದರ ಬೀಜಾನೂ ಬೆರೆತುಹೋಯ್ತಲ್ಲ.”

“ಜೀವ ಇತ್ತು ಸಾರ್ ಅವಕ್ಕೆ. ಒಳಗಿಂದ ತಟ್ತಾ ಇದ್ವು. ಬುಟ್ಟು ಎಂಗ್ ಓಗ್ಲಿ?”

ಕದಿರಮ್ಮ ಕಣ್ಣಿಗೆ ಸೆರಗು ಒತ್ತಿಕೊಂಡು ಗಣಿಯಲ್ಲಿ ಆದದ್ದನ್ನು ಹೇಳಿದಳು. ಬೈಯಲು ಬಾಯಿ ತೆರೆದಿದ್ದ ಜಯರಾಮಪ್ಪ, “ನಾಳೆಯಿಂದ ಕೊಟ್ಟಿಗೆ ಕೆಲಸಕ್ಕೆ ಹೋಗಮ್ಮ” ಎಂದರು. ಡಬ್ಬಿಯಲ್ಲಿ ಹಳೆಯ ಬೀಜ ಉಳಿದಿತ್ತು. ಅಲ್ಲಿಂದ ಮತ್ತೆ ಶುರುಮಾಡಿದರು. ಮುತ್ಯಾಲಮ್ಮ ಸೆಗಣಿ ಬಾಚಿದಳು, ದನಗಳಿಗೆ ಮೇವು ಹಾಕಿದಳು. ಬಿತ್ತನೆಯ ದಿನಗಳಲ್ಲಿ ಹೊಲದತ್ತ ಮುಖ ಹಾಕುತ್ತಿರಲಿಲ್ಲ.

ಅರವತ್ತರ ದಶಕದ ನಡುವಿಗೆ ಆ ಹುಲ್ಲು ರೈತರ ಕೈ ಸೇರಿತು. ಮುತ್ಯಾಲಮ್ಮ ನೆಂಟರ ಮನೆಗೆಂದು ಬೂದಿಕೋಟೆಗೆ ಹೋಗಿದ್ದಾಗ, ಹಸು ಸಾಕಿ ಹಾಲು ಮಾರುತ್ತಿದ್ದ ಶ್ರೀನಿವಾಸಪ್ಪ ಅವಳನ್ನು ತನ್ನ ಹೊಲಕ್ಕೆ ಕರೆದೊಯ್ದ. ಹುಲ್ಲು ಸೊಂಟದುದ್ದ ಬೆಳೆದಿತ್ತು.

“ನೋಡಕ್ಕ, ನಿಮ್ ತೋಟದ್ ಉಲ್ಲು! ಒಂದ್ ಬೀಜಾನೂ ಒಳಗೆ ಉಳೀಲಿಲ್ಲ.”

“ಒಂದೂ?”

“ಒಂದೂ ಇಲ್ಲ ಕಣಕ್ಕ.”

ಹಾಗಾಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗಿಡಗಳ ನಡುವೆ ಒಂದು ಬೋಳು ಜಾಗ ಕಂಡಿತು. ಅಲ್ಲಿ ಕುಕ್ಕರಗಾಲಿನಲ್ಲಿ ಕೂತು ಅಂಗೈ ಊರಿದಳು. ಮಣ್ಣು ಬೆಚ್ಚಗಿತ್ತು. ಶ್ರೀನಿವಾಸಪ್ಪ ತನ್ನ ಹಸುಗಳ ವಿಷಯ ಹೇಳುತ್ತಲೇ ಇದ್ದ.

“ಒಸಿ ಸುಮ್ಕಿರಣ್ಣ,” ಎಂದಳು ಮುತ್ಯಾಲಮ್ಮ.