ಗಾಳಿಯ ಜ್ವರ ನೋಡುತ್ತಿದ್ದ ಕಾಕಾ

ಹೋದ ತಿಂಗಳು ವಿಜಯನಗರದ ಸಿಗ್ನಲ್ಲಿನಲ್ಲಿ ನನ್ನ ಕಾರಿನಿಂದ ಕಾದ ರಬ್ಬರಿನ ವಾಸನೆ ಬಂತು. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದೆ. ಟರ್ಬೊದಿಂದ ಹೊರಟ ಕೊಳವೆಯ ಮೇಲೆ, ಯೋಚಿಸದೆಯೇ, ಬೆರಳುಗಳ ಹಿಂಭಾಗ ಇಟ್ಟೆ. ಮಕ್ಕಳಿಗೆ ಜ್ವರ ಬಂದಾಗ ಹಣೆ ಮುಟ್ಟುವ ಹಾಗೆ... ಅದನ್ನು ನಾನು ಕಾಕಾನಿಂದ ಕಲಿತಿದ್ದೆ.

ಎರಡು ಸಾವಿರದ ಆರೋ ಏಳೋ ಇರಬೇಕು. ರಾಜಾಜಿನಗರದ ಕೈಗಾರಿಕಾ ಬೀದಿಯೊಂದರಲ್ಲಿ, ಕಾರುಗಳ ವೇಗ ಹೆಚ್ಚಿಸಿಕೊಡುವ ಸಣ್ಣ ವರ್ಕ್‌ಶಾಪಿನಲ್ಲಿ ನಾನು ಎಂಜಿನಿಯರ್ ಆಗಿದ್ದೆ. ಎದುರಿನ ಶೆಡ್ಡಿನಲ್ಲಿ ಗದಗದ ಕಡೆಯಿಂದ ಬಂದ ಒಬ್ಬ ವೆಲ್ಡರ್ ಇದ್ದರು. ಬೀದಿಗೆಲ್ಲ ಅವರು ಕಾಕಾ. ನಮಗೆ ಬೇಕಾದ ಅಲ್ಯೂಮಿನಿಯಂ ಕೊಳವೆಗಳನ್ನು ಬೆಸೆದುಕೊಡುತ್ತಿದ್ದವರು ಅವರೇ. ಬೆಸೆದ ಕೊಳವೆಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುತ್ತದೆಯೇ ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಆಮೇಲೆ ಹಳೆಯ ಪಂಚೆಯ ತುಂಡನ್ನು ತಂತಿಗೆ ಕಟ್ಟಿ ಒಳಗೆಲ್ಲ ಎಳೆದು ಒರೆಸುವರು. ಒಂದು ಕಣ ಉಳಿದರೂ ಕೊಡುತ್ತಿರಲಿಲ್ಲ.

ನಂದಿನಿ ಲೇಔಟಿನ ಗಿರಾಕಿಯೊಬ್ಬರು ತಮ್ಮ ಪೆಟ್ರೋಲ್ ಕಾರಿಗೆ, ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊ ಹಾಕಿಸಿದರು. ಭಾನುವಾರ ರೇಸಿಗೆ ಹೋಗಬೇಕಿತ್ತು. ಶುಕ್ರವಾರ ರಿಂಗ್ ರೋಡಿನಲ್ಲಿ ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿದಾಗ, ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿದ್ದ ಪುಟ್ಟ ಸೆನ್ಸರನ್ನು ತೋರಿಸಿ, ಇದೇನು ಮಾಡುತ್ತದೆ ಎಂದು ಕಾಕಾ ಕೇಳಿದರು. ಎಂಜಿನ್ನಿಗೆ ಹೋಗುವ ಗಾಳಿ ಎಷ್ಟು ಬಿಸಿ ಇದೆ ಎಂದು ಕಂಪ್ಯೂಟರಿಗೆ ತಿಳಿಸುತ್ತದೆ, ಬಿಸಿ ಹೆಚ್ಚಿದ್ದರೆ ಕಂಪ್ಯೂಟರ್ ಕಿಡಿಯನ್ನು ತಡವಾಗಿಸಿ ಎಂಜಿನ್ ಉಳಿಸುತ್ತದೆ ಎಂದೆ. ಅವರು ಬೆರಳುಗಳ ಹಿಂಭಾಗದಿಂದ ಕೊಳವೆಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದರು. ಟರ್ಬೊ ಹತ್ತಿರ ಕೈ ಸರ್ರನೆ ಹಿಂದಕ್ಕೆ ಬಂತು.

“ಫಿಲ್ಟರಿನಾಗ ಗಾಳಿ ತಣ್ಣಗೈತ್ರಿ ಸರ. ಟರ್ಬೊ ದಾಟಿದ ಮ್ಯಾಲೆ ಸುಡತೈತಿ. ಅದನ್ನ ತಣಿಸೂ ಕೂಲರ್ ದಾಟಿ, ಎಂಜಿನ್ ಬಾಯಿಗೆ ಹೋಗೂ ಮುಂಚೆ ನೋಡಬೇಕಲ್ರಿ ಅದರ ಜ್ವರ? ಸೆನ್ಸರ್ ಕೂರಸಾಕ ಅಲ್ಲೊಂದು ನಟ್ ಬೆಸೀತೇನಿ. ಅರ್ಧ ತಾಸಿನ ಕೆಲಸ.”

ಎಂಜಿನ್ನಿಗೆ ತೀರಾ ಅಂಟಿಸುವುದೂ ಬೇಡ, ಅಲ್ಲಿ ಅದು ಗಾಳಿಯ ಬದಲು ಲೋಹದ ಬಿಸಿಯನ್ನೇ ಹೇಳೀತು ಎಂದೂ ಸೇರಿಸಿದರು.

ಅವರು ಹೇಳಿದ್ದು ಸರಿ ಎಂದು ಆ ಕ್ಷಣವೇ ನನಗೆ ಗೊತ್ತಾಯಿತು. ಆದರೆ ಸೆನ್ಸರ್ ಜಾಗ ಬದಲಿಸಿದರೆ ವೈರ್ ಉದ್ದ ಮಾಡಬೇಕು, ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮತ್ತೆ ಕೂಡಿಸಬೇಕು. ಅದಕ್ಕಿಂತ ಹೆಚ್ಚಾಗಿ, ಗಿರಾಕಿಯ ಮುಂದೆ, ನಮ್ಮ ಓನರ್ ಮುಂದೆ, ನಾಲ್ಕನೇ ಕ್ಲಾಸು ಓದಿದ ವೆಲ್ಡರ್ ನನ್ನನ್ನು ತಿದ್ದಿದ್ದರು.

“ನೀವು ವೆಲ್ಡಿಂಗ್ ನೋಡ್ಕೊಳ್ಳಿ ಕಾಕಾ. ಸೆನ್ಸರ್ ನಾನ್ ನೋಡ್ಕೋತೀನಿ,” ಎಂದೆ.

ಅವರು ತಲೆಯಾಡಿಸಿ ಶೆಡ್ಡಿಗೆ ಹೋದರು.

ಭಾನುವಾರ ಮೂರನೇ ಓಟದಲ್ಲಿ ಎಂಜಿನ್ ಸತ್ತಿತು. ಸೋಮವಾರ ಬಿಚ್ಚಿದರೆ, ಒಂದು ಪಿಸ್ಟನ್ನಿನ ನೆತ್ತಿ ಕರಗಿ ತೂತಾಗಿತ್ತು. ಒಳಗೆ ಬೆಂಕಿಯಂಥ ಗಾಳಿ ಹೋಗುತ್ತಿದ್ದರೂ ಫಿಲ್ಟರಿನಲ್ಲಿ ಕೂತ ಸೆನ್ಸರ್ ತಂಪಾಗಿದೆ ಎಂದೇ ಹೇಳುತ್ತಿತ್ತು. ಕಿಡಿ ತಡವಾಗಲೇ ಇಲ್ಲ. ನಮ್ಮ ಓನರ್ ಆ ತೂತಿಗೆ ಟಾರ್ಚ್ ಬಿಟ್ಟು ನೋಡಿ, ಕೊಳವೆಯೊಳಗಿನ ಬೆಸುಗೆಯ ಚೂರು ಕಿತ್ತು ಎಂಜಿನ್ನಿಗೆ ಬಿದ್ದಿರಬೇಕು ಎಂದರು. ಎಲ್ಲರೂ ನನ್ನತ್ತ ನೋಡಿದರು. ಚೂರು ಬಡಿದ ಗುರುತೇ ಬೇರೆ, ಕರಗಿದ ಗುರುತೇ ಬೇರೆ. ಅದು ತಿಳಿದಿದ್ದವನು ಅಲ್ಲಿ ನಾನೊಬ್ಬನೇ.

“ಇರಬಹುದು,” ಎಂದೆ.

ಕಾಕಾನನ್ನು ಕರೆಸಿದರು. ಅವರು ಕೊಳವೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಒಳಗೆ ನೋಡಿದರು. ಬೆರಳು ಹಾಕಿ ಸವರಿದರು. ಮಿಕ್ಕವರನ್ನೆಲ್ಲ ಬಿಟ್ಟು ನನ್ನನ್ನು ಕೇಳಿದರು.

“ನೀವು ಓದಿದವರು ಸರ. ಇದು ನನ್ನ ಕೈಯಿಂದನ ಆಗೇತೇನ್ರಿ?”

ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. “ಹಾಗೇ ಕಾಣುತ್ತೆ ಕಾಕಾ.”

ಅವರು ವಾದಿಸಲಿಲ್ಲ. ವಾದಿಸಿದ್ದರೆ ಚೆನ್ನಾಗಿತ್ತು... ಎಷ್ಟು ಸಲ ಹಾಗೆ ಅಂದುಕೊಂಡಿದ್ದೇನೋ.

ಮುಂದಿನ ಕಾರಿಗೆ ಸೆನ್ಸರನ್ನು ಕೂಲರ್ ದಾಟಿದ ಕೊಳವೆಯಲ್ಲಿ, ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲೇ ಕೂರಿಸಿದೆ. ನಟ್ ಬೆಸೆದವರು ಬೇರೆ ಯಾರೋ. ಎಂಜಿನ್ ಚೆನ್ನಾಗಿ ಓಡಿತು, ನನಗೆ ಶಹಬ್ಬಾಸ್‌ಗಿರಿ ಸಿಕ್ಕಿತು. ಕಾಕಾನಿಗೆ ನಮ್ಮ ಕೆಲಸ ಹೋಗುವುದು ನಿಂತಿತ್ತು. ಅವರ ಶೆಡ್ಡಿನ ಮುಂದೆ ಹಾಯುವುದು ತಪ್ಪಿಸಲು ನಾನು ಹಿಂದಿನ ರಸ್ತೆಯಲ್ಲಿ ಸುತ್ತಿ ಬರುತ್ತಿದ್ದೆ. ಕೆಲವು ತಿಂಗಳಲ್ಲಿ ಅವರು ಶೆಡ್ ಖಾಲಿ ಮಾಡಿದರು.

ಹೋದ ತಿಂಗಳು ಬಾನೆಟ್ ಎತ್ತಿದ ಆ ವಾರವೇ ಅವರನ್ನು ಹುಡುಕಿಕೊಂಡು ಹೋದೆ. ಶೆಡ್ ಇದ್ದಲ್ಲಿ ಅಪಾರ್ಟ್‌ಮೆಂಟು. ಕಾಕಾ ಊರಂಚಿನ ಉಲ್ಲಾಳದ ಕಡೆ ಮನೆ ಮಾಡಿದ್ದರೆಂದು ಹಳೆಯ ಟೀ ಅಂಗಡಿಯವರು ಗುರುತು ಹೇಳಿದರು. ಬಾಗಿಲು ತೆಗೆದದ್ದು ಮಗಳು. ಆಸ್ಪತ್ರೆಯೊಂದರಲ್ಲಿ ನರ್ಸಂತೆ, ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದರು. ಕಾಕಾ ತೀರಿಕೊಂಡು ಆರು ವರ್ಷವಾಗಿತ್ತು.

“ಇಲ್ಲಿಗೆ ಬಂದ್ಮೇಲೆ ಬರೀ ಕಿಟಕಿ ಗ್ರಿಲ್ ಮಾಡ್ತಿದ್ರು,” ಎಂದರು. “ದೊಡ್ಡ ಗ್ಯಾರೇಜ್‌ನೋರು ಪೈಪ್ ಕೆಲ್ಸಕ್ಕೆ ಕರೆದ್ರೂ ಹೋಗ್ಲಿಲ್ಲ. ನನ್ನ ಕೈಯಿಂದ ಒಬ್ರ ಗಾಡಿ ಹಾಳಾಯ್ತು, ಇನ್ನು ಅದನ್ನ ಮುಟ್ಟಲ್ಲ ಅಂತಿದ್ರು.”

ನಾನು ಎಲ್ಲವನ್ನೂ ಹೇಳಿದೆ. ಸೆನ್ಸರ್ ಎಲ್ಲಿತ್ತು, ಎಲ್ಲಿರಬೇಕಿತ್ತು, ಅವರೇನು ಅಂದರು, ನಾನೇನು ಅಂದೆ. ಆಕೆ ಸಿಟ್ಟಾದರೆ ತಡೆದುಕೊಳ್ಳಲು ಸಿದ್ಧನಾಗಿದ್ದೆ. ಅವರು ಸಿಟ್ಟಾಗಲಿಲ್ಲ.

“ಇಷ್ಟನ್ನ ಹೇಳೋಕೆ ಐದು ನಿಮಿಷ ಹಿಡೀತು ಸಾರ್,” ಎಂದರು.

ಆಮೇಲೆ ನೀರು ತಂದುಕೊಟ್ಟರು. ಕುಡಿದು ಹೊರಟೆ.

ಈಗ ಉಲ್ಲಾಳದ ದಾರಿಯಲ್ಲಿ ಹೋಗುವಾಗಲೆಲ್ಲ ಮನೆಗಳ ಕಿಟಕಿ ನೋಡುತ್ತೇನೆ. ಎಲ್ಲೋ ಒಂದೆರಡು ಗ್ರಿಲ್ಲುಗಳಲ್ಲಿ ಬೆಸುಗೆ ಎಲ್ಲಿದೆ ಎಂದೇ ತಿಳಿಯುವುದಿಲ್ಲ, ಅಷ್ಟು ನಯ. ಅವರದೇ ಇರಬೇಕು... ಕೇಳೋಣವೆಂದರೆ ಅವರಿಲ್ಲ.