ರಾಜನಿಗೆ ಅಮ್ಮ ಬಂದದ್ದು

ನಮ್ಮ ಮನೆಯಲ್ಲಿ ಎಲ್ಲೆಂದರಲ್ಲಿ ಬಿಸಾಡಿದ ವಸ್ತು ಕರೆದ ಕೂಡಲೇ ಓಗೊಟ್ಟಂತೆ ಕೈಗೆ ಸಿಗುತ್ತದೆ. ಜೋಪಾನವಾಗಿ ಎತ್ತಿಟ್ಟದ್ದು ಮಾತ್ರ ಬ್ರಹ್ಮಾಂಡದಲ್ಲಿ ಲೀನವಾಗಿಬಿಡುತ್ತದೆ. ಮೂಲೆಗೆಸೆದ ಕೊಡೆ ಮಳೆ ಬಂದ ದಿನ ಅದೇ ಮೂಲೆಯಲ್ಲಿರುತ್ತದೆ. ಅದನ್ನೇ ಒರೆಸಿ, ಮಡಿಸಿ, ಭದ್ರವಾಗಿಟ್ಟೆವೋ, ಮಳೆಗಾಲ ಮುಗಿದು ಸ್ವೆಟರ್ ಹುಡುಕುವಾಗ ಪ್ರತ್ಯಕ್ಷವಾಗುತ್ತದೆ. "ರೀ, ನೀವು ಜೋಪಾನವಾಗಿ ಇಟ್ಟಿದೀನಿ ಅಂದ್ರೇನೇ ನಂಗೆ ಭಯ" ಎಂದು ನನ್ನ ಹೆಂಡತಿ ಸರೋಜ ಹೇಳುವುದುಂಟು. ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳಿ, ಪ್ರಾಚೀನ ವಸ್ತುಗಳ ಸಂರಕ್ಷಣೆಯ ಬಗ್ಗೆ ಗಂಟೆಗಟ್ಟಲೆ ಕೊರೆದು ನಿವೃತ್ತನಾದವನಿಗೆ ಇದು ಶೋಭಿಸುವ ಪ್ರಶಸ್ತಿಯಲ್ಲ.

ಈ ಪೀಠಿಕೆಯೆಲ್ಲ ನಮ್ಮ ಪಟ್ಟದ ಬೊಂಬೆಗಳ ಸಲುವಾಗಿ. ಮೈಸೂರು ಸೀಮೆಯವರಿಗೆ ಹೇಳಬೇಕಾದ್ದಿಲ್ಲ. ಮಿಕ್ಕವರಿಗಾಗಿ ಒಂದು ಮಾತು. ಮದುವೆಯಾಗಿ ಹೋಗುವ ಹೆಣ್ಣುಮಗಳಿಗೆ ತವರಿನವರು ಕೊಡುವ ಮರದ ರಾಜ-ರಾಣಿಯರ ಜೋಡಿ ಅದು. ನವರಾತ್ರಿಯಲ್ಲಿ ಬೊಂಬೆ ಕೂರಿಸಿದಾಗ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಅವರದು. ವಿಜಯದಶಮಿಯ ರಾತ್ರಿ ಇಬ್ಬರನ್ನೂ ಮಲಗಿಸಿ, ಮರುದಿನ ಬಟ್ಟೆ ಸುತ್ತಿ ಪೆಟ್ಟಿಗೆಗೆ ಸೇರಿಸುವುದು ರೂಢಿ. ನಮ್ಮಜ್ಜಿಯ ಜೋಡಿ ರಕ್ತಚಂದನದ್ದು, ಮೈಗೆ ಬಣ್ಣ, ಬಣ್ಣದ ಮೇಲೆ ಕನ್ನಡಿಯಂಥ ಮೆರುಗು. ಅಜ್ಜಿ ಕೊನೆಗಾಲದಲ್ಲಿ ಒಂದು ವಿಚಿತ್ರ ಪಾಲು ಮಾಡಿದಳು: ರಾಜ ನಂಜನಗೂಡಿನಲ್ಲಿರುವ ನನಗೆ, ರಾಣಿ ತಿ. ನರಸೀಪುರದಲ್ಲಿರುವ ಅಕ್ಕನಿಗೆ. "ಗಂಡ ಎಂಡ್ತೀನ ಅಗಲಿಸ್ದ ಪಾಪ ನಂಗಿರ್ಲಿ. ಈ ನೆಪದಲ್ಲಾದ್ರೂ ವರ್ಸಕ್ಕೊಂದ್ಸಲ ನೀವಿಬ್ರೂ ಒಬ್ರ ಮೊಕ ಒಬ್ರು ನೋಡ್ತೀರಿ" ಎಂದಳು. ಜೊತೆಗೊಂದು ಷರತ್ತು: ಮುಂದಿನ ತಲೆಮಾರಿನಲ್ಲಿ ಯಾವ ಹುಡುಗಿಯ ಮದುವೆ ಮೊದಲಾಗುತ್ತದೋ ಜೋಡಿ ಅವಳಿಗೆ.

ಅಂದಿನಿಂದ ಒಂದು ವರ್ಷ ರಾಜ ಅಕ್ಕನಿರುವ ಸಂಗಮದ ಊರಿಗೆ ಸವಾರಿ ಹೊರಟರೆ, ಮರುವರ್ಷ ರಾಣಿ ನಮ್ಮ ಕಪಿಲೆಯ ದಡಕ್ಕೆ ಬರುತ್ತಾಳೆ. ವಾಹನ ಮಾತ್ರ ಸರ್ಕಾರಿ ಬಸ್ಸು. ಒಮ್ಮೆ ಅಕ್ಕನ ತೊಡೆಯ ಮೇಲೆ ಸೀರೆ ಸುತ್ತಿಕೊಂಡು ಮಲಗಿದ್ದ ರಾಣಿಯನ್ನು ಕೂಸೆಂದುಕೊಂಡ ಕಂಡಕ್ಟರು, "ಮುಸುಕು ತಗೀರಮ್ಮ, ಮಗೀಗೆ ಉಸ್ರು ಕಟ್ಟೀತು" ಎಂದು ಗದರಿಸಿದನಂತೆ. ನಾವು ಬಹಳ ನಕ್ಕಿದ್ದೆವು. ಆ ಮಾತನ್ನು ಆಗಲೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಚೆನ್ನಾಗಿತ್ತು.

ಹೋದ ವರ್ಷ ಅಕ್ಕನ ಮಗಳು ನಂದಿನಿಯ ಮದುವೆಯ ಮಾತು ಶುರುವಾಯಿತು. ರಾಜ ನಮ್ಮನೆ ಬಿಟ್ಟು ಹೋಗುತ್ತಾನೆಂದು ನನಗೆ ಸಂಕಟವಾಯಿತು. ಹೋಗುವವನು ಒಂದು ಗೀರೂ ಇಲ್ಲದೆ ಹೋಗಲಿ ಎಂಬ ಹಟವೂ ಹುಟ್ಟಿತು. ಫೋನಿನಲ್ಲಿ ಸಂರಕ್ಷಣಾ ಶಾಸ್ತ್ರವನ್ನು ಅರೆದು ಕುಡಿದೆ. ತೇವ ಶತ್ರು, ಹುಳು ಶತ್ರು, ಧೂಳು ಶತ್ರು, ಕೊನೆಗೆ ಗಾಳಿಯೂ ಶತ್ರುವೇ ಎಂದು ಮನವರಿಕೆಯಾದ ಮೇಲೆ, ಗಾಳಿಯಾಡದ ಡಬ್ಬವೊಂದನ್ನು ತಂದು, ಒತ್ತಿದರೆ ಟಪ್ಪೆನ್ನುವ ಗುಳ್ಳೆಗಳ ಪ್ಲಾಸ್ಟಿಕ್ ಹಾಳೆಯನ್ನು ರಾಜನಿಗೆ ಅಡಿಯಿಂದ ಮುಡಿಯವರೆಗೆ ಬಿಗಿಯಾಗಿ ಸುತ್ತಿ ಅಟ್ಟಕ್ಕೇರಿಸಿದೆ. "ಹಳೇ ಬಟ್ಟೆ, ನಾಕು ಬೇವಿನೆಲೆ ಸಾಲ್ದಾ?" ಎಂದ ಸರೋಜಳಿಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಅಟ್ಟದ ಮೇಲಿನ ತಗಡು ಬೇಸಿಗೆಯಲ್ಲಿ ಹೆಂಚಿನಂತೆ ಕಾಯುತ್ತದೆಂಬುದು ಉಪನ್ಯಾಸದಲ್ಲಿ ಬಿಟ್ಟುಹೋಗಿತ್ತು.

ನಂದಿನಿಯ ಮದುವೆ ಬೇಸಿಗೆಯಲ್ಲಿ ನಡೆಯಿತು. ಅವಳು ಚಿಕ್ಕಯ್ಯನಛತ್ರಕ್ಕೆ ಸೊಸೆಯಾಗಿ ಹೋದಳು. ಬೊಂಬೆಗಳ ಜೋಡಿಯನ್ನು ನವರಾತ್ರಿ ಮುಗಿಸಿಕೊಂಡು ಒಯ್ಯುವುದೆಂದು ಮಾತಾಯಿತು. ಈ ಸಲದ ನವರಾತ್ರಿ ನಮ್ಮ ಮನೆಯ ಸರದಿ. ತಾಯಿ ಮಗಳು ರಾಣಿಯೊಂದಿಗೆ ಬಂದಿಳಿದರು. ನಾನು ಶಸ್ತ್ರವೈದ್ಯನ ಗಾಂಭೀರ್ಯದಿಂದ ಡಬ್ಬ ತೆರೆದು ಪ್ಲಾಸ್ಟಿಕ್ ಬಿಡಿಸಿದೆ. ಅದು ಚರಚರನೆ ಸದ್ದು ಮಾಡುತ್ತ ಬಂತು. ಬಿಸಿಲಿಗೆ ಮೆತ್ತಗಾದ ಮೆರುಗಿನೊಳಗೆ ಗುಳ್ಳೆಗಳು ಒಂದೊಂದಾಗಿ ಅಚ್ಚೊತ್ತಿದ್ದವು: ಹಣೆ, ಕೆನ್ನೆ, ಮೂಗು, ಎದೆ, ಒಂದನ್ನೂ ಬಿಟ್ಟಿರಲಿಲ್ಲ. ಅಜ್ಜಿ ಪ್ರತಿವರ್ಷ ಸೆರಗಿನಿಂದ ಒರೆಸುತ್ತಿದ್ದ ಮುಖ ಅದು.

ಅಕ್ಕ ಕನ್ನಡಕ ಏರಿಸಿ ನೋಡಿದಳು. "ಅಯ್ಯೋ, ನಮ್ ರಾಜಂಗೆ ಅಮ್ಮ ಬಂದವ್ಳಲ್ಲೋ" ಎಂದಳು.

ಹೇಳಿದ್ದಷ್ಟೇ ಅಲ್ಲ; ರಾಣಿಯ ಸೀರೆಯ ಗಂಟಿನೊಳಗಿದ್ದ ಒಣಗಿದ ಬೇವಿನೆಲೆಗಳನ್ನು ತೆಗೆದು ರಾಜನ ಸುತ್ತ ಹಾಸಿಬಿಟ್ಟಳು. ನಮ್ಮ ಕಡೆ ಅಮ್ಮ ಬಂದು ಮಕ್ಕಳ ಮೈಮೇಲೆ ಗುಳ್ಳೆ ಎದ್ದರೆ ಮಾಡುವ ಉಪಚಾರ ಅದೇ. ಬೊಂಬೆಗೆ ಹುಳು ಬೀಳದಂತೆ ಇಡುವ ಔಷಧವೂ ಅದೇ. ಸರೋಜ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. ನಾನೂ ನಕ್ಕೆ, ನಗುತ್ತಲೇ ಪಂಚೆಯ ತುದಿಯಿಂದ ರಾಜನ ಕೆನ್ನೆ ಉಜ್ಜಿ ನೋಡಿದೆ.

ಹಬ್ಬದುದ್ದಕ್ಕೂ ಮನೆಗೆ ಬಂದವರೆಲ್ಲ ರಾಜನ ಆರೋಗ್ಯ ವಿಚಾರಿಸಿ, ಬೊಂಬೆ ನೋಡಲು ಬಂದವರಿಗೆ ಕೊಡುವ ತಿಂಡಿಯಾದ ಚರ್ಪು ತಿಂದು ಹೋದರು. ನಂದಿನಿ ಮಾತ್ರ ದಿನಕ್ಕೆರಡು ಸಲ ಬಂದು ರಾಜನ ಮುಖವನ್ನೇ ದಿಟ್ಟಿಸಿ ಹೋಗುತ್ತಿದ್ದಳು. ಅವಳ ಪಾಲಿನ ಆಸ್ತಿಯನ್ನು ಕೆಡಿಸಿದವನು ನಾನು. ಈ ಮಾವನ ಕೈಯಿಂದ ಬೇಗ ಪಾರುಮಾಡಿದರೆ ಸಾಕೆಂದು ಅವಳು ದಶಮಿಗೆ ಕಾಯುತ್ತಿದ್ದಾಳೆಂದೇ ನನ್ನ ಎಣಿಕೆ.

ಬೊಂಬೆ ಎತ್ತುವ ದಿನ ಅವಳು, "ಮಾವ, ನಿಮ್ದೊಂದು ಹಳೇ ಪಂಚೆ ಕೊಡಿ" ಎಂದಳು. ಬದನವಾಳಿನ ಖಾದಿ ಪಂಚೆಯೊಂದು, ಒಗೆದೊಗೆದು ಮಲ್ಲಿಗೆ ಎಸಳಿನಷ್ಟು ಮೆತ್ತಗಾದದ್ದು, ಬಾಗಿಲ ಹಿಂದಿನ ಮೊಳೆಯಲ್ಲೇ ತೂಗುತ್ತಿತ್ತು. ಅವಳು ಅದರಲ್ಲಿ ರಾಜನನ್ನು ಸಡಿಲವಾಗಿ ಸುತ್ತಿ, ಹಸಿರು ಮಾಸಿದ ಬೇವಿನೆಲೆ ಸಿಕ್ಕಿಸಿ, ನನ್ನ ಕೈಗೇ ಇತ್ತಳು.

"ಇವ್ನು ಇಲ್ಲೇ ಇರ್ಲಿ ಮಾವ, ನಾನು ರಾಣೀನ ಕರ್ಕೊಂಡೋಗ್ತೀನಿ. ಇಬ್ರೂ ನಮ್ಮನೇಗೇ ಬಂದ್ಬಿಟ್ರೆ ಇಲ್ಲಿಗೆ ಬರಕ್ಕೆ ನಂಗೆ ನೆಪ ಏನಿರುತ್ತೆ?"

"ಮೊಕ ಆಳಾಗೋಯ್ತಲ್ಲೇ" ಎಂದಳು ಅಕ್ಕ.

"ಇರ್ಲಿ ಬಿಡಮ್ಮ. ಅದು ಮಾವನ ಗುರುತು."

ನನಗೆ ಕಣ್ಣು ತುಂಬಿತು. ಧೂಳೆಂದು ಹೇಳೋಣವೆಂದರೆ, ಧೂಳನ್ನು ವರ್ಷದ ಹಿಂದೆಯೇ ಮನೆಯಿಂದ ಗಡೀಪಾರು ಮಾಡಿದ್ದೆನಲ್ಲ. ವಸ್ತು ಉಳಿಯುವುದು ಡಬ್ಬದ ಬಿಗಿಯಿಂದಲ್ಲ, ವರ್ಷಕ್ಕೊಮ್ಮೆ ಯಾರೋ ಬಂದು ಬಿಚ್ಚಿ ನೋಡುತ್ತಾರೆ ಎಂಬ ಭರವಸೆಯಿಂದ ಎಂಬುದನ್ನು ಅಜ್ಜಿ ಯಾವ ಶಾಸ್ತ್ರವನ್ನೂ ಓದದೆ ತಿಳಿದಿದ್ದಳು.

ಆ ಡಬ್ಬದಲ್ಲೀಗ ಸರೋಜಳ ಹುಣಸೆಹಣ್ಣು ಸುಖವಾಗಿದೆ. ರಾಜ ಬೀರುವಿನಲ್ಲಿ ನನ್ನ ಅಂಗಿಗಳ ಪಕ್ಕ ಮಲಗಿದ್ದಾನೆ. ಬೆಳಿಗ್ಗೆ ಪಂಚೆಗೆಂದು ಕೈ ಹಾಕಿದರೆ ಎಷ್ಟೋ ಸಲ ಅವನ ಕುಳಿಬಿದ್ದ ಕೆನ್ನೆಯೇ ಸಿಗುತ್ತದೆ. ಮೊನ್ನೆ ಮೋಡ ಕವಿದಾಗ ಸರೋಜ ಪರೀಕ್ಷೆಗೆಂದೇ, "ರೀ, ರಾಜ ಎಲ್ಲವ್ನೆ?" ಎಂದಳು. ಥಟ್ಟನೆ ತೆಗೆದು ತೋರಿಸಿದೆ. "ಕೊಡೆ?" ಎಂದಳು. ಅದನ್ನು ಮಾತ್ರ ಈ ಸಲ ಜೋಪಾನವಾಗಿ ಎತ್ತಿಟ್ಟಿದ್ದೇನೆ. ಇಬ್ಬರೂ ನೆನೆದುಕೊಂಡೇ ಅಂಗಡಿಗೆ ಹೋಗಿಬಂದೆವು.